ಕಾರಿಗೆ ಸರಿ, ಸ್ಕೂಟರ್ ಮೇಲೆ ಬೀಳುವ ಬೂಮ್ ಬ್ಯಾರಿಯರ್

ಒಂದು ವರ್ಷದ ಸೆಕ್ರೆಟರಿ:
ನಮ್ಮದು ಬೆಂಗಳೂರಿನಲ್ಲಿ 64 ಮನೆಗಳ ಅಪಾರ್ಟ್‌ಮೆಂಟ್. ಮೂರು ತಿಂಗಳ ಹಿಂದೆ ಬೇಸ್‌ಮೆಂಟ್ ರ‍್ಯಾಂಪ್ ಹತ್ತಿರ ಬೂಮ್ ಬ್ಯಾರಿಯರ್, ಅಂದರೆ ತಾನೇ ಏಳುವ, ಇಳಿಯುವ ಅಡ್ಡಕೋಲು, ಹಾಕಿಸಿದೆವು. ಕಾರಿನ ಗಾಜಿಗೆ ಅಂಟಿಸಿದ ಟ್ಯಾಗ್ ಓದಿ ಏಳುತ್ತದೆ. ಕಾರಿನವರಿಗೆ ಆರಾಮ. ಹಿಂದೆಯೇ ನುಗ್ಗುವ ಸ್ಕೂಟರಿನವರದೇ ಗೋಳು. ಮೊನ್ನೆ ಎರಡನೇ ಮಹಡಿಯ ಆಂಟಿಯ ತಲೆ ಮೇಲೇ ಬೂಮ್ ಇಳಿಯಿತು. ಪುಣ್ಯಕ್ಕೆ ಹೆಲ್ಮೆಟ್ ಇತ್ತು. ಮೊಸರಿನ ಪ್ಯಾಕೆಟ್ ಒಡೆದದ್ದಕ್ಕೆ ಬೈಗುಳ ಮಾತ್ರ ನನಗೆ. ನೆಲದಲ್ಲಿ ಲೂಪ್ ಇದೆ, ಗಾಡಿ ಕೆಳಗಿದ್ದರೆ ಇಳಿಯುವುದೇ ಇಲ್ಲ ಎಂದು ಹಾಕಿದವರು ಹೇಳಿದ್ದರು. ಸೆನ್ಸಿಟಿವಿಟಿ ಜಾಸ್ತಿ ಮಾಡಿಸಿದರೆ ಸರಿಹೋಗುತ್ತದಾ?

ಗೇಟ್ ರಿಪೇರಿ:
ಅಷ್ಟೇ ಮಾಡಿದರೆ ಸಾಲದು ಸಾರ್. ಲೂಪ್ ಅಂದರೆ ನೆಲ ಕೊಯ್ದು ಹೂತಿರುವ ತಂತಿಯ ಸುತ್ತು. ಮೇಲೆ ಲೋಹ ಬಂದರೆ ಅದರ ಇಂಡಕ್ಟೆನ್ಸ್ (ಸುತ್ತಿದ ತಂತಿಯ ಒಂದು ವಿದ್ಯುತ್ ಗುಣ) ಬದಲಾಗುತ್ತದೆ, ಡಿಟೆಕ್ಟರ್ ಬೂಮನ್ನು ಇಳಿಯಲು ಬಿಡುವುದಿಲ್ಲ. ಕಾರಿನ ತಳ ಅಗಲ, ಚೆನ್ನಾಗಿ ಸಿಗುತ್ತದೆ. ಸ್ಕೂಟರ್ ತಂತಿಯ ಗೆರೆ ಮೇಲೇ ಹೋದರೆ ಸಿಕ್ಕೀತು, ನಟ್ಟನಡುವೆ ಹೋದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸೆನ್ಸಿಟಿವಿಟಿ ತೀರಾ ಏರಿಸಿದರೆ ಪಕ್ಕದ ಕಬ್ಬಿಣದ ಗೇಟ್ ಅಲ್ಲಾಡಿದರೂ ಬೂಮ್ ಮೇಲೇ ನಿಂತುಬಿಡುತ್ತದೆ. ಬೂಮಿನ ಸಾಲಿನಲ್ಲೇ ಫೋಟೋಸೆಲ್ ಜೋಡಿ ಇರಬೇಕು. ಅದಕ್ಕೆ ಲೋಹ ಬೇಕಿಲ್ಲ, ಬೆಳಕಿಗೆ ಏನಾದರೂ ಅಡ್ಡ ಬಂದರೆ ಸಾಕು. ನಿಮ್ಮಲ್ಲಿ ಇದೆಯಾ? ಬೂಮಿನ ಕೆಳಗೆ ರಬ್ಬರ್ ಪಟ್ಟಿ ಇದೆಯಾ, ತಾಗಿದರೆ ವಾಪಸ್ ಏಳುವ ಸೆಟ್ಟಿಂಗ್ ಆನ್ ಆಗಿದೆಯಾ, ಅದನ್ನೂ ನೋಡಿ.

ಬಿ ಬ್ಲಾಕ್:
ನಾವು ಕೊನೆಗೆ ಬೂಮ್ ಗಿಡ್ಡ ಮಾಡಿಸಿ ಪಕ್ಕದಲ್ಲಿ ನಾಲ್ಕಡಿ ದಾರಿ ಬಿಟ್ಟೆವು. ಸ್ಕೂಟರ್, ಪೇಪರ್ ಹುಡುಗ, ನಡೆದು ಬರುವವರು ಎಲ್ಲ ಅಲ್ಲೇ. ಅಲ್ಲಿ ಗಾರ್ಡ್ ಒಬ್ಬರು ಕೂರಬೇಕು, ನಿಜ. ಆದರೆ ಗಾರ್ಡ್ ಹೇಗೂ ಇರುತ್ತಾರೆ ಅಲ್ವಾ? ಇನ್ನೊಂದು ಮಾತು. ಕರೆಂಟ್ ಹೋದಾಗ ಕೈಯಲ್ಲಿ ಎತ್ತಲು ಬರುವ ಕೀ ಗಾರ್ಡ್ ಹತ್ತಿರವೇ ಇರಲಿ. ನಮ್ಮಲ್ಲಿ ಯುಪಿಎಸ್ ಕೈಕೊಟ್ಟ ದಿನ ಕೀ ಸೆಕ್ರೆಟರಿ ಜೇಬಲ್ಲಿ, ಸೆಕ್ರೆಟರಿ ತೀರ್ಥಹಳ್ಳಿಯ ಮದುವೆಯಲ್ಲಿ.

ಒಂದು ವರ್ಷದ ಸೆಕ್ರೆಟರಿ:
ಕೀ ನನ್ನ ಮನೆಯ ಟಿವಿ ಮೇಲಿತ್ತು. ಈಗ ಗಾರ್ಡ್‌ಗೆ ಕೊಟ್ಟೆ. ಬ್ಯಾರಿಯರ್ ಪೆಟ್ಟಿಗೆಯನ್ನೂ ತೆಗೆಸಿ ನೋಡಿದೆವು. ಫೋಟೋಸೆಲ್ ಜೋಡಿ ಕವರ್ ಕೂಡ ಬಿಚ್ಚದೆ ಒಳಗೆ ಸುಮ್ನೆ ಕೂತಿದೆ. ಬಿಲ್ಲಿನಲ್ಲಿ ಅದಕ್ಕೂ, ಅದನ್ನು ಕೂರಿಸಿದ ಕೂಲಿಗೂ ದುಡ್ಡು ಹಿಡಿದಿದ್ದಾರೆ. ಫೋನ್ ಮಾಡಿದೆ, ನಾಳೆ ಬರುತ್ತಾರಂತೆ. ಅಲ್ಲಿವರೆಗೆ ಬೂಮ್ ಎತ್ತಿ ಕಟ್ಟಿಸಿದ್ದೇನೆ.