ಮ್ಯಾಕುಲಾದ ಅಡಿಯಲ್ಲಿ ದ್ರವ: ಔಷಧಿಯಿಲ್ಲದೆ ಕಾಯುವುದು ಸರಿಯೇ?

ಪ್ರಶ್ನೆ:
ನನ್ನ ತಮ್ಮನಿಗೆ 38 ವರ್ಷ. ಬಲಗಣ್ಣಿನ ನೋಟದ ನಡುವೆ ಬೂದು ಬಣ್ಣದ ಮಸುಕು ಕಾಣಿಸಿಕೊಂಡಿದೆ. ನೇರ ಗೆರೆಗಳು ಡೊಂಕಾಗಿಯೂ ಅಕ್ಷರಗಳು ಎಡಗಣ್ಣಿಗೆ ಕಾಣುವುದಕ್ಕಿಂತ ಚಿಕ್ಕದಾಗಿಯೂ ತೋರುತ್ತಿವೆ. ಓಸಿಟಿ ಸ್ಕ್ಯಾನ್ (ಕಣ್ಣಿನ ಒಳಪದರಗಳನ್ನು ಬೆಳಕಿನಿಂದ ಚಿತ್ರಿಸುವ ಪರೀಕ್ಷೆ) ನೋಡಿದ ನೇತ್ರತಜ್ಞರು ಇದು ಸೆಂಟ್ರಲ್ ಸೀರಸ್ ಕೋರಿಯೋರೆಟಿನೋಪತಿ ಎಂದರು. ಔಷಧಿಯನ್ನೇನೂ ಬರೆಯದೆ ಮೂರು ತಿಂಗಳ ನಂತರ ಬರಲು ಹೇಳಿದ್ದಾರೆ. ಹೀಗೆ ಕಾಯುವುದು ಸರಿಯೇ? ವಯಸ್ಸಾದವರಿಗೆ ಬರುವ ಮ್ಯಾಕುಲಾ (ನೇರ ನೋಟ ಕೊಡುವ, ಕಣ್ಣಿನ ಒಳಪದರದ ನಡುಭಾಗ) ಕ್ಷಯವೂ ಇದೂ ಒಂದೇ ಕಾಯಿಲೆಯೇ?

ಉತ್ತರ 1:
ಒಂದೇ ಅಲ್ಲ. ಬೆಳಕನ್ನು ಗ್ರಹಿಸುವ ಒಳಪದರವಾದ ರೆಟಿನಾದ ಹಿಂದೆ ರಕ್ತನಾಳಗಳು ದಟ್ಟವಾಗಿರುವ ಕೋರಾಯ್ಡ್ ಎಂಬ ಪದರವಿದೆ. ಇವೆರಡರ ನಡುವಿನ ವರ್ಣಕೋಶಗಳ ತೆಳು ಪದರವು ಕೋರಾಯ್ಡ್‌ನ ದ್ರವ ಒಳಗೆ ನುಗ್ಗದಂತೆ ತಡೆಯುತ್ತದೆ. ಕೋರಾಯ್ಡ್ ಊದಿಕೊಂಡು ಈ ತಡೆ ಎಲ್ಲಾದರೂ ಸೋರಿದರೆ, ದ್ರವವು ಮ್ಯಾಕುಲಾದ ಅಡಿಯಲ್ಲಿ ಸೇರಿ ಅದನ್ನು ಗುಳ್ಳೆಯಂತೆ ಮೇಲಕ್ಕೆತ್ತುತ್ತದೆ. ಗೆರೆಗಳು ಡೊಂಕಾಗುವುದೂ ಅಕ್ಷರಗಳು ಕುಗ್ಗುವುದೂ ಇದರಿಂದಲೇ. ಹೊಸದಾಗಿ ಬಂದ ಬಹುತೇಕ ಪ್ರಕರಣಗಳಲ್ಲಿ ಈ ದ್ರವ ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ಇಂಗುತ್ತದೆ. ಆದ್ದರಿಂದ ವೈದ್ಯರು ಕಾಯಲು ಹೇಳಿದ್ದನ್ನು ನಿರ್ಲಕ್ಷ್ಯವೆಂದು ಭಾವಿಸಬೇಕಾಗಿಲ್ಲ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಕಾಯುವ ಅವಧಿಯಲ್ಲಿ ಮಾಡಬೇಕಾದ ಮುಖ್ಯ ಕೆಲಸವೊಂದಿದೆ. ನಿಮ್ಮ ತಮ್ಮ ಯಾವುದಾದರೂ ರೂಪದಲ್ಲಿ ಸ್ಟೀರಾಯ್ಡ್ ಬಳಸುತ್ತಿದ್ದಾರೆಯೇ? ಈ ಕಾಯಿಲೆಗೂ ಸ್ಟೀರಾಯ್ಡ್‌ಗೂ ಇರುವ ನಂಟು ಬಹಳ ಗಟ್ಟಿಯಾದದ್ದು. ಮಾತ್ರೆ, ಚುಚ್ಚುಮದ್ದುಗಳಷ್ಟೇ ಅಲ್ಲದೆ ಮೂಗಿಗೆ ಹಾಕುವ ಸ್ಪ್ರೇ, ಇನ್‌ಹೇಲರ್, ಚರ್ಮಕ್ಕೆ ಹಚ್ಚುವ ಮುಲಾಮುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಣ್ಣಿನ ವೈದ್ಯರ ಮುಂದೆ ಇವನ್ನು ಹೇಳಬೇಕೆಂದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ಅಲರ್ಜಿಗೆಂದು ಬಹುಕಾಲದಿಂದ ಮೂಗಿನ ಸ್ಪ್ರೇ ಬಳಸುತ್ತಿದ್ದಾನೆ. ಇಂದೇ ನಿಲ್ಲಿಸಿಬಿಡಬಹುದೇ?

ಉತ್ತರ 2:
ಅದರಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಬರೆದುಕೊಟ್ಟ ವೈದ್ಯರಿಗೂ ನೇತ್ರತಜ್ಞರಿಗೂ ತಿಳಿಸಿ, ಬದಲಿ ಔಷಧಿ ಕೇಳಿ. ಸ್ಟೀರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ನುಂಗುತ್ತಿರುವವರಂತೂ ತಾವಾಗಿ ಹಠಾತ್ತನೆ ನಿಲ್ಲಿಸಲೇಬಾರದು. ದೇಹಕ್ಕೆ ಬೇಕಾದ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಾತ್ರೆಗಳಿಂದಾಗಿ ಮಂದವಾಗಿದ್ದು, ತನ್ನ ಕೆಲಸಕ್ಕೆ ಮರಳಲು ಸಮಯ ಬೇಕಾಗುವುದರಿಂದ ಅದು ಪ್ರಾಣಕ್ಕೇ ಅಪಾಯ ತರಬಹುದು.

ಉತ್ತರ 3:
ದ್ರವ ತಿಂಗಳುಗಟ್ಟಲೆ ಉಳಿದರೆ ಬೆಳಕನ್ನು ಗ್ರಹಿಸುವ ಕೋಶಗಳು ಕ್ರಮೇಣ ಹಾಳಾಗುತ್ತವೆ. ಆದ್ದರಿಂದ ಮೂರು ತಿಂಗಳ ನಂತರದ ಸ್ಕ್ಯಾನನ್ನು ತಪ್ಪಿಸಬೇಡಿ. ಆಗಲೂ ಇಂಗದಿದ್ದರೆ ವರ್ಟೆಪೋರ್ಫಿನ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಕಣ್ಣಿನೊಳಗೆ ನಿರ್ದಿಷ್ಟ ಬೆಳಕು ಹಾಯಿಸುವ ಫೋಟೋಡೈನಾಮಿಕ್ ಚಿಕಿತ್ಸೆಯಿದೆ. ಮೂಲತಃ ರಕ್ತದೊತ್ತಡ, ಹೃದಯದ ಕಾಯಿಲೆಗೆ ಕೊಡುವ ಎಪ್ಲೆರೆನೋನ್ ಮಾತ್ರೆಯನ್ನು ಇದಕ್ಕೆ ಯಾರಾದರೂ ಸೂಚಿಸಿದರೆ ಕಾರಣ ಕೇಳಿ. 2020ರಲ್ಲಿ ಪ್ರಕಟವಾದ ವಿಐಸಿಐ ಎಂಬ, ಇದೇ ಕಾಯಿಲೆಯವರ ಮೇಲಿನ ಪ್ರಯೋಗದಲ್ಲಿ ಅದು ಔಷಧಿಯಿಲ್ಲದ ಹುಸಿಮಾತ್ರೆಗಿಂತ ಹೆಚ್ಚಿನ ಫಲ ನೀಡಲಿಲ್ಲ. ಮುಂದಿನ ಸ್ಕ್ಯಾನ್‌ವರೆಗೆ ನಿಮ್ಮ ತಮ್ಮ ಒಂದೊಂದೇ ಕಣ್ಣು ಮುಚ್ಚಿ ಆಮ್ಸ್ಲರ್ ಚೌಕಪಟವನ್ನು (ಗೆರೆಗಳು ಡೊಂಕಾಗಿ ಕಾಣುತ್ತಿವೆಯೇ ಎಂದು ನೋಡುವ ಚೌಕಗಳ ಹಾಳೆ) ನೋಡುತ್ತಿರಲಿ. ಡೊಂಕು ಹಠಾತ್ತನೆ ಹೆಚ್ಚಿದರೆ ಅಥವಾ ಇನ್ನೊಂದು ಕಣ್ಣಿನಲ್ಲೂ ಕಾಣಿಸಿದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ವೈದ್ಯರ ಬಳಿಗೆ ಹೋಗಬೇಕು.