ಡೆಂಗ್ಯೂ ಟೆಸ್ಟಿಗೆ 1,100 ತಗೊಂಡ್ರು, ಇದು ಸರಿನಾ?

ಪ್ರಶ್ನೆ: ಮಗಳಿಗೆ ಮೂರು ದಿನದಿಂದ ಜ್ವರ, ಕಣ್ಣಿನ ಹಿಂದೆ ನೋವು ಅಂತಾಳೆ, ಮನೆ ಹತ್ರದ ಲ್ಯಾಬಲ್ಲಿ 1,100 ಕಿತ್ಕೊಂಡ್ರು, ಎನ್‌ಎಸ್1 (ಡೆಂಗ್ಯೂ ವೈರಸ್ ಇದೆಯಾ ಅಂತ ನೋಡೋ ರಕ್ತದ ಟೆಸ್ಟ್) ಪಾಸಿಟಿವ್ ಬಂದಿದೆ. ಅತ್ತೆ ಪಪ್ಪಾಯ ಎಲೆ ರಸ ಕುಡ್ಸು ಅಂತಿದಾರೆ. ಏನ್ಮಾಡ್ಲಿ?

ಉತ್ತರ 1: 2024ರ ಜುಲೈನಲ್ಲೇ ರಾಜ್ಯ ಸರ್ಕಾರ ರೇಟ್ ಫಿಕ್ಸ್ ಮಾಡಿತ್ತಲ್ಲಾ, ಎಲಿಸಾಗೆ (ಲ್ಯಾಬ್ ಮಶೀನಲ್ಲಿ ಮಾಡೋ ಟೆಸ್ಟ್) 300, ಬೇಗ ರಿಸಲ್ಟ್ ಕೊಡೋ ಕಾರ್ಡ್ ಟೆಸ್ಟಿಗೆ 250. ಬಿಲ್ ಎಸೀಬೇಡಿ, ಜಿಲ್ಲಾ ಆರೋಗ್ಯಾಧಿಕಾರಿ ಆಫೀಸಿಗೆ ಕಂಪ್ಲೇಂಟ್ ಕೊಡಿ.

ಉತ್ತರ 2: ದುಡ್ಡಿನ್ ವಿಷ್ಯ ಆಮೇಲೆ ಮೇಡಂ, ಮೊದ್ಲು ಡಾಕ್ಟ್ರಿಗೆ ತೋರ್ಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ, ಅದೂ ಅವ್ರು ಹೇಳಿದಷ್ಟೇ, ಐಬುಪ್ರೊಫೆನ್ ಆಸ್ಪಿರಿನ್ ಎಲ್ಲಾ ಕೊಡ್ಲೇಬೇಡಿ ರಕ್ತಸ್ರಾವ ಆಗೋ ಚಾನ್ಸ್ ಜಾಸ್ತಿ ಆಗತ್ತೆ, ಓಆರ್‌ಎಸ್, ಗಂಜಿ, ಎಳನೀರು ಕೊಡ್ತಾ ಇರಿ. ಜ್ವರ ಇಳೀತಲ್ಲ ಅಂತ ಸುಮ್ನಾಗ್ಬೇಡಿ, ಇಳಿದ ಮೇಲಿನ ಒಂದೆರಡು ದಿನಾನೇ ಡೇಂಜರ್! ಜೋರು ಹೊಟ್ಟೆನೋವು, ಬಿಡದೆ ವಾಂತಿ, ವಸಡಲ್ಲಿ ರಕ್ತ, ಉಚ್ಚೆ ಕಮ್ಮಿ ಆಗೋದು, ಇದ್ರಲ್ಲಿ ಒಂದು ಕಂಡ್ರೂ ರಾತ್ರಿ ಆದ್ರೂ ಸರಿ ಆಸ್ಪತ್ರೆಗೆ ಓಡಿ.

ಉತ್ತರ 3: ಪಪ್ಪಾಯ ರಸ ನಮ್ಮಪ್ಪಂಗೆ ಕುಡ್ಸಿ ಇನ್ನಷ್ಟು ವಾಂತಿ ಆಯ್ತು, ಅತ್ತೆಗೆ ಹೇಗಾದ್ರೂ ಸಮಾಧಾನ ಹೇಳಿ 😄 ಫ್ರಿಜ್ ಹಿಂದೆ ನೀರು ನಿಲ್ಲೋ ಟ್ರೇ ನೋಡಿ, ನಮ್ಮನೇಲಿ ಸೊಳ್ಳೆ ಹುಳ ಅಲ್ಲೇ ಇದ್ದಿದ್ದು. ಡೆಂಗ್ಯೂ ಸೊಳ್ಳೆ ಹಗಲೇ ಕಚ್ಚೋದು, ಮಗು ಮಧ್ಯಾಹ್ನ ಮಲಗಿದ್ರೂ ಪರದೆ ಹಾಕಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಎಲ್ರಿಗೂ, ಈಗ್ಲೇ ಹೊರಟ್ವಿ. ಟ್ರೇ ತೆಗೆದು ನೋಡ್ದೆ, ಥೂ, ತುಂಬಾ ಹುಳ.