ರಾತ್ರಿ ಡೆಲಿವರಿ ಬೈಕುಗಳ ಕಾಟ: ಎಲ್ಲರೂ ಓದಿ, ಅಭಿಪ್ರಾಯ ಹೇಳಿ

ಮೂಲೆಮನೆ
ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಬರಲು ಬಿಟ್ಟರೆ ತಾನೆ? ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಎಣಿಸುತ್ತಾ ಕೂತೆ. ಹತ್ತೂವರೆಯಿಂದ ಒಂದು ಗಂಟೆವರೆಗೆ 23 ಡೆಲಿವರಿ ಬೈಕು. ಒಂದೊಂದೂ ನಮ್ಮ ಗೇಟಿನ ಮುಂದೆಯೇ ನಿಲ್ಲುತ್ತದೆ. ‘ಯಾವ ಮನೆ, ಯಾವ ಮನೆ’ ಎಂದು ಫೋನಿನಲ್ಲಿ ಕೂಗಾಟ ಬೇರೆ. ಬೆಳಿಗ್ಗೆ ನೋಡಿದರೆ ಕಸದ ತೊಟ್ಟಿಯ ಸುತ್ತ ಎಣ್ಣೆ ಕುಡಿದ ರಟ್ಟಿನ ಡಬ್ಬಿಗಳು. ಈಗ ಇಲಿಗಳೂ ಬಂದಿವೆ. ಈ ಊಟ ಯಾರಿಗೆ ಬರುತ್ತಿದೆ ಅಂತ ಎಲ್ಲರಿಗೂ ಗೊತ್ತು. ನನ್ನ ಸಲಹೆ ಎರಡು. ಹತ್ತು ಗಂಟೆ ಮೇಲೆ ಡೆಲಿವರಿಯವರನ್ನು ಬಡಾವಣೆ ಒಳಗೆ ಬಿಡಬಾರದು. ಮುಂದಿನ ವರ್ಷದಿಂದ ವಿದ್ಯಾರ್ಥಿಗಳಿಗೆ ಮನೆ ಕೊಡಬಾರದು.

ಹಸಿರು ಗೇಟು
ಮೊದಲನೆಯದಕ್ಕೂ ಎರಡನೆಯದಕ್ಕೂ ನನ್ನ ಒಪ್ಪಿಗೆ ಇದೆ.

ಮೂರು ಮಹಡಿ ಮನೆ
ಎರಡನೆಯದಕ್ಕೆ ನನ್ನ ಒಪ್ಪಿಗೆ ಇಲ್ಲ. ನನ್ನ ಸಾಲದ ಕಂತು ಆ ಮಕ್ಕಳ ಬಾಡಿಗೆಯಿಂದಲೇ ಹೋಗುವುದು. ನೀವು ಕಟ್ಟುವುದಾದರೆ ಹೇಳಿ.

ಅಡ್ಮಿನ್
ಜಗಳ ಬೇಡ. ಈ ಗುಂಪಿನಲ್ಲಿ ವಿದ್ಯಾರ್ಥಿಗಳೂ ಇದ್ದಾರೆ, ಅವರನ್ನೇ ಕೇಳೋಣ. ನನಗೆ ಅರ್ಥವಾಗದ್ದು ಒಂದೇ. ನಿಮ್ಮ ವಿಶ್ವವಿದ್ಯಾಲಯದ ಊಟದ ಹಾಲ್ ಇಲ್ಲಿಂದ ಹತ್ತು ನಿಮಿಷದ ನಡಿಗೆ. ಅಲ್ಲಿಗೆ ಮೊದಲೇ ದುಡ್ಡು ಕಟ್ಟಿರುತ್ತೀರಿ. ಹಾಗಿದ್ದೂ ರಾತ್ರಿ ಹನ್ನೊಂದಕ್ಕೆ ಹೊರಗಿನಿಂದ ಯಾಕೆ ತರಿಸುತ್ತೀರಿ?

ಮಹಡಿ ಬಾಡಿಗೆ (ವಿದ್ಯಾರ್ಥಿನಿ, ಎರಡನೇ ವರ್ಷ)
ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ಒಪ್ಪಿಕೊಳ್ಳುತ್ತೇನೆ. ಆ 23ರಲ್ಲಿ ಒಂದು ನನ್ನದು. ಡಬ್ಬಿಯನ್ನು ತೊಟ್ಟಿಯ ಒಳಗೇ ಹಾಕಿದ್ದೆ, ಆದರೆ ಮುಚ್ಚಳ ಮುಚ್ಚಿದೆನಾ ಅಂತ ನೆನಪಿಲ್ಲ.

ಇನ್ನು ಹಾಲ್ ವಿಷಯ. ರಾತ್ರಿ ಊಟ ಆರೂವರೆಯಿಂದ ಎಂಟೂವರೆ. ವಾರದಲ್ಲಿ ಮೂರು ದಿನ ನನ್ನ ಲ್ಯಾಬ್ ಮುಗಿಯುವುದೇ ಎಂಟಕ್ಕೆ. ಕೈ ತೊಳೆದು ಓಡಿದರೆ ಎಂಟೂಕಾಲಿಗೆ ತಲುಪುತ್ತೇನೆ. ಬಾಗಿಲಲ್ಲೇ ಒಂದು ಶಬ್ದ ಕೇಳುತ್ತದೆ, ಸ್ಟೀಲ್ ಪಾತ್ರೆಯ ತಳಕ್ಕೆ ಸೌಟು ಉಜ್ಜುವ ಶಬ್ದ. ಅದು ಕೇಳಿತು ಅಂದರೆ ಒಳಗೆ ಏನಿರುತ್ತದೆ ಅಂತ ನೋಡುವುದೇ ಬೇಡ. ಮೂಲೆಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ ಅಂಚು, ನಡುವೆ ನೀರು. ಆರೂವರೆಗೆ ಹಸಿರಾಗಿದ್ದ ಸೊಪ್ಪು ಎಂಟಕ್ಕೆ ಖಾಕಿ. ಬಿಸಿಯಲ್ಲಿ ಜಾಸ್ತಿ ಹೊತ್ತು ಇಟ್ಟರೆ ಕ್ಲೋರೋಫಿಲ್‌ನೊಳಗಿನ ಮೆಗ್ನೀಷಿಯಂ ಕಳಚಿಕೊಳ್ಳುತ್ತದೆ, ಅದಕ್ಕೇ ಆ ಬಣ್ಣ. ಸಿ ವಿಟಮಿನ್ ಕೂಡ ಹಾಗೇ ಕರಗಿ ಹೋಗುತ್ತಿರುತ್ತದೆ. (ನಾನು ಓದುವುದು ರಸಾಯನಶಾಸ್ತ್ರ. ಕ್ಷಮಿಸಿ.)

ಅದೇ ಹಾಲ್‌ಗೆ ಲ್ಯಾಬ್ ಇಲ್ಲದ ದಿನ ಆರೂಮುಕ್ಕಾಲಿಗೆ ಹೋಗಿ ನೋಡಿ. ಊಟ ನಿಜವಾಗಲೂ ಚೆನ್ನಾಗಿರುತ್ತದೆ! ಎಲ್ಲರೂ ಹಾಲ್ ಊಟವನ್ನು ಬಯ್ಯುವುದು ಒಂದು ಅಭ್ಯಾಸ ಆಗಿಬಿಟ್ಟಿದೆ, ಸುಮ್ನೆ ಬಯ್ಯುತ್ತಾರೆ. ನನಗೆ ಆ ಜಾಗ ಇಷ್ಟ. ಮೊದಲ ವರ್ಷ ಯಾರೂ ಗೊತ್ತಿರಲಿಲ್ಲ. ನೀರಿನ ಲೋಟಕ್ಕೆ ಫೋನ್ ಒರಗಿಸಿಕೊಂಡು ಒಬ್ಬಳೇ ತಿನ್ನುತ್ತಿದ್ದೆ. ಒಂದು ದಿನ ಬೇರೆಲ್ಲೂ ಜಾಗ ಇರಲಿಲ್ಲ ಅಂತ ಎದುರಿಗೆ ಬಂದು ಕೂತವಳು ಈಗ ನನ್ನ ರೂಮ್‌ಮೇಟ್. ಬಡಿಸುವ ಅಮ್ಮ ಒಬ್ಬರಿದ್ದಾರೆ. ಏನೂ ಮಾತಾಡುವುದಿಲ್ಲ. ಆದರೆ ತಳದಲ್ಲಿ ಬಿಸಿ ಇದ್ದರೆ ಪಾತ್ರೆಯನ್ನು ಸ್ವಲ್ಪ ಓರೆ ಮಾಡಿ ತಳದಿಂದಲೇ ಎತ್ತಿ ಹಾಕುತ್ತಾರೆ. ಇದನ್ನು ಯಾವ ಆ್ಯಪ್ ಮಾಡುತ್ತದೆ ಹೇಳಿ.

ಸಿಟ್ಟು ಬರುವುದು ಕಾರ್ಡ್ ವಿಷಯಕ್ಕೆ. ವಾರಕ್ಕೆ ಇಷ್ಟು ಊಟ ಅಂತ ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ತಿನ್ನದೆ ಉಳಿದದ್ದು ಭಾನುವಾರ ರಾತ್ರಿಗೆ ಸತ್ತುಹೋಗುತ್ತದೆ, ಮುಂದಿನ ವಾರಕ್ಕೆ ಬರುವುದಿಲ್ಲ. ಪ್ರತಿ ವಾರ ನನ್ನದು ಮೂರು ಊಟ ಹೀಗೆ ಹೋಗುತ್ತದೆ. ಹಸಿವು ಮಾತ್ರ ಹೋಗುವುದಿಲ್ಲ ಅಲ್ವಾ? ಹನ್ನೊಂದು ಗಂಟೆಗೆ ಫೋನ್ ತೆಗೆಯುತ್ತೇವೆ. ಒಂದೇ ಊಟಕ್ಕೆ ಎರಡು ಸಲ ದುಡ್ಡು ಕೊಡುವುದು ನಮಗೂ ಖುಷಿಯ ವಿಷಯ ಅಲ್ಲ.

ಅಂಕಲ್, ಬೈಕನ್ನು ತಡೆದರೆ ನಾವು ಗೇಟಿನ ತನಕ ನಡೆದುಕೊಂಡು ಬಂದು ತಗೊಳ್ಳುತ್ತೇವೆ, ಅಷ್ಟೇ. ಹಾಲ್ ಹತ್ತರ ತನಕ ತೆರೆದಿದ್ದರೆ ಅರ್ಧಕ್ಕರ್ಧ ಬೈಕು ಬರುವುದೇ ಇಲ್ಲ.

ಹಸಿರು ಗೇಟು
ನಮ್ಮ ಕಾಲದಲ್ಲಿ ಕೊಟ್ಟದ್ದನ್ನು ತಿನ್ನುತ್ತಿದ್ದೆವು.

ಮೂರು ಮಹಡಿ ಮನೆ
ನಿಮ್ಮ ಕಾಲದಲ್ಲಿ ಎಂಟು ಗಂಟೆವರೆಗೆ ಲ್ಯಾಬ್ ಇತ್ತೇ?

ಗ್ಯಾರೇಜ್ ಮೇಲಿನ ರೂಮ್ (ಮೊದಲ ವರ್ಷ)
ನಾನು ತರಿಸುವುದು ಬೇರೆ ಕಾರಣಕ್ಕೆ. ನನಗೆ ಎಳ್ಳು ಆಗುವುದಿಲ್ಲ. ಸ್ವಲ್ಪ ತಿಂದರೂ ಗಂಟಲು ಊದಿಕೊಳ್ಳುತ್ತದೆ. ಹಾಲ್‌ನಲ್ಲಿ ಯಾವ ಪಾತ್ರೆಯ ಮುಂದೆಯೂ ಚೀಟಿ ಇಲ್ಲ. ಕೇಳಿದರೆ ‘ಇರಲಿಕ್ಕಿಲ್ಲ’ ಅನ್ನುತ್ತಾರೆ. ‘ಇರಲಿಕ್ಕಿಲ್ಲ’ ಅನ್ನುವ ಮಾತು ನಂಬಿ ತಿನ್ನುವುದು ಹೇಗೆ? ಅದೂ ಅಲ್ಲದೆ ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಯುರೋಪಿನ ಒಕ್ಕೂಟದಲ್ಲಿ 14 ಅಲರ್ಜಿ ಪದಾರ್ಥಗಳ ಬಗ್ಗೆ ತಿನ್ನುವವರಿಗೆ ತಿಳಿಸಲೇಬೇಕು. ಅಮೆರಿಕದಲ್ಲಿ ಪೊಟ್ಟಣದ ತಿನಿಸಿನ ಮೇಲೆ ಎಳ್ಳನ್ನೂ ನಮೂದಿಸಬೇಕು ಅಂತ 2023ರ ಜನವರಿಯಿಂದ ಕಾನೂನೇ ಇದೆ, ಅದು ಅವರ ಪಟ್ಟಿಯಲ್ಲಿ ಒಂಬತ್ತನೆಯದು. ನಾನು ಕೇಳುತ್ತಿರುವುದು ಒಂದು ಚೀಟಿ, ಅಷ್ಟೇ.

ನಿವೃತ್ತ ಅಡುಗೆಯವರು, ಕೊನೆ ಮನೆ
ಇಷ್ಟು ಹೊತ್ತು ಸುಮ್ಮನಿದ್ದೆ. 26 ವರ್ಷ ಒಂದು ಆಸ್ಪತ್ರೆಯ ದೊಡ್ಡ ಅಡುಗೆಮನೆಯಲ್ಲಿ ದುಡಿದವನು ನಾನು. ಅಡುಗೆಯವರ ಪರವಾಗಿಯೂ ಯಾರಾದರೂ ಮಾತಾಡಬೇಕಲ್ಲ.

ಎಂಟೂವರೆಗೆ ಮುಚ್ಚುವುದು ಸೋಮಾರಿತನ ಅಲ್ಲಮ್ಮ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವ ಶಿಫ್ಟು ಒಂದು, ಮಧ್ಯಾಹ್ನ ಬಂದವರದ್ದು ಇನ್ನೊಂದು. ಎಂಟೂವರೆಗೆ ಮುಚ್ಚಿದರೂ ಪಾತ್ರೆ ತೊಳೆದು ನೆಲ ಒರೆಸಿ ಮನೆಗೆ ಹೊರಡುವಾಗ ಹತ್ತಾಗುತ್ತದೆ. ಇನ್ನು ಬಿಸಿ ವಿಷಯ. ಬಿಸಿ ಅಡುಗೆಯನ್ನು 60 ಡಿಗ್ರಿಗಿಂತ ಮೇಲೆ ಇಡಬೇಕು, ತಣ್ಣಗಿನದನ್ನು 5 ಡಿಗ್ರಿಗಿಂತ ಕೆಳಗೆ. ಹೊರಗೆ ಹಾಗೇ 2 ಗಂಟೆಗಿಂತ ಜಾಸ್ತಿ ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ನಿನ್ನ ಸೊಪ್ಪು ಖಾಕಿ ಆಗುವುದು ಆ 60 ಡಿಗ್ರಿಯಿಂದಲೇ. ಬಿಸಿ ಇಳಿಸಿದರೆ ಬಣ್ಣ ಉಳಿದೀತು, ಹೊಟ್ಟೆ ಕೆಡುತ್ತದೆ.

ಆದರೆ ಒಂದು ಮಾತು ನಿಜ. ಎಲ್ಲವನ್ನೂ ಆರು ಗಂಟೆಗೇ ಬೇಯಿಸಿ ಇಡುವುದು ಕೆಟ್ಟ ಅಡುಗೆ. ನಾವು ಮೂರು ಸರದಿಯಲ್ಲಿ ಬೇಯಿಸುತ್ತಿದ್ದೆವು. ಸಣ್ಣ ಪಾತ್ರೆ, ಪದೇ ಪದೇ. ಸೊಪ್ಪು ಬೇಯುವುದಕ್ಕೆ ಎಷ್ಟು ಹೊತ್ತು ಬೇಕು? ಎಂಟು ಗಂಟೆಗೆ ಕೊನೆಯ ಪಾತ್ರೆ ಇಳಿಸಿದರೆ ಎಂಟೂಕಾಲಿಗೆ ಬಂದವರಿಗೂ ಹಸಿರೇ ಸಿಗುತ್ತದೆ. ಕೆಲಸ ಒಂದು ಸ್ವಲ್ಪ ಜಾಸ್ತಿ, ಪೋಲಾಗುವುದು ಕಡಿಮೆ. ಕೊನೆಗೆ ಜನ ಬರದಿದ್ದರೆ ಕೊನೆಯ ಸರದಿ ಬೇಯಿಸದೆ ಬಿಡಬಹುದು.

ಚೀಟಿ ಬರೆಯದಿದ್ದರೆ ಮಾತ್ರ ಕ್ಷಮೆ ಇಲ್ಲ. ಅದು ಖರ್ಚಿಲ್ಲದ ಕೆಲಸ.

ಮಹಡಿ ಬಾಡಿಗೆ (ವಿದ್ಯಾರ್ಥಿನಿ, ಎರಡನೇ ವರ್ಷ)
ಅಂಕಲ್, ಹಾಗಾದರೆ ಹತ್ತರ ತನಕ ತೆರೆಯಿರಿ ಅನ್ನುವುದನ್ನು ಬಿಡಬೇಕಾ? ಡಬ್ಬಿಗೆ ಹಾಕಿಕೊಂಡು ಹೋಗುತ್ತೇವೆ ಅಂದರೂ ಬಿಡುವುದಿಲ್ಲ. ಬಾಗಿಲಲ್ಲಿ ಚೀಲ ನೋಡುತ್ತಾರೆ. ಹೋದ ತಿಂಗಳು ನನ್ನ ಗೆಳತಿ ಒಂದು ಹಣ್ಣು ತಂದಳು ಅಂತ ವಾಪಸ್ ಇಡಿಸಿದರು. ಒಂದು ಹಣ್ಣು!

ನಿವೃತ್ತ ಅಡುಗೆಯವರು, ಕೊನೆ ಮನೆ
ಬಿಡಬೇಡ, ಆದರೆ ಕೇಳುವ ರೀತಿ ಬದಲಿಸು. ಬಿಸಿ ಅಡುಗೆಯನ್ನು ಹೊರಗೆ ಬಿಡದಿರುವುದಕ್ಕೆ ಕಾರಣ ಇದೆ. ನೀವು ಅದನ್ನು ರೂಮಿನಲ್ಲಿ ಎಷ್ಟು ಹೊತ್ತು ಇಡುತ್ತೀರಿ ಅಂತ ಯಾರಿಗೆ ಗೊತ್ತು? ಹೊಟ್ಟೆ ಕೆಟ್ಟರೆ ಮಾತು ಬರುವುದು ಅವರಿಗೆ. ನಮ್ಮಲ್ಲಿ ರಾತ್ರಿ ಪಾಳಿಯ ನರ್ಸುಗಳಿಗೆ ಬೇರೆ ವ್ಯವಸ್ಥೆ ಇತ್ತು. ಬೇಯಿಸಿದ ತಕ್ಷಣ ಸಣ್ಣ ತಟ್ಟೆಗಳಲ್ಲಿ ಹಾಕಿ 90 ನಿಮಿಷದೊಳಗೆ 3 ಡಿಗ್ರಿಗೆ ಇಳಿಸುವುದು. ಮೇಲೆ ದಿನ, ಹೊತ್ತು ಬರೆದು ಫ್ರಿಜ್‌ನಲ್ಲಿ ಇಡುವುದು. ಬಂದವರು 70 ಡಿಗ್ರಿ ದಾಟುವ ಹಾಗೆ ಬಿಸಿ ಮಾಡಿಕೊಂಡು ತಿನ್ನುವುದು. ಅದಕ್ಕೆ ಅಡುಗೆಯವರು ಬೇಡ, ಒಂದು ಫ್ರಿಜ್, ಒಂದು ಓವನ್, ಕಾರ್ಡ್ ನೋಡುವುದಕ್ಕೆ ಒಬ್ಬರು ಸಾಕು. ಹಣ್ಣಿನ ವಿಷಯ ಬಿಡು, ಅದು ಬರೀ ದರ್ಪ.

ಅಡ್ಮಿನ್
ಇದು ಬರೆಯಬಹುದಾದ ವಿಷಯ. ನಿವಾಸಿಗಳ ಸಂಘದ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೆ ಪತ್ರ ಕೊಡೋಣ. ವಿದ್ಯಾರ್ಥಿಗಳು ಕೇಳಿದರೆ ‘ರುಚಿ ಸರಿ ಇಲ್ಲ ಅಂತ ಗಲಾಟೆ’ ಅನ್ನುತ್ತಾರೆ. ಅಕ್ಕಪಕ್ಕದ ಮನೆಯವರು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ನಿವೃತ್ತ ಅಡುಗೆಯವರು, ಕೊನೆ ಮನೆ
ಪತ್ರದಲ್ಲಿ ಪೋಲಿನ ಮಾತು ಮೊದಲು ಬರಲಿ. ರುಚಿ ಅಂದರೆ ಅವರವರ ನಾಲಿಗೆ ಅನ್ನುತ್ತಾರೆ. ಪೋಲು ಅಂದರೆ ಲೆಕ್ಕದ ಪುಸ್ತಕ ತೆಗೆಯುತ್ತಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಗಿದೆ. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇಂಥ ಹಾಲ್, ಕ್ಯಾಂಟೀನ್, ಹೋಟೆಲುಗಳದ್ದು. ಅಲ್ಲಿ ಈಗಲೂ ದೊಡ್ಡ ಟ್ರೇ ಕೊಡುತ್ತಾರಾ?

ಮಹಡಿ ಬಾಡಿಗೆ (ವಿದ್ಯಾರ್ಥಿನಿ, ಎರಡನೇ ವರ್ಷ)
ಹೌದು. ಟ್ರೇ ಮೇಲೆ ಮೂರು ತಟ್ಟೆ ಹಿಡಿಸುತ್ತದೆ ಅಂತ ಮೂರೂ ತುಂಬಿಸಿಕೊಳ್ಳುತ್ತೇವೆ. ಎರಡು ತಿನ್ನುತ್ತೇವೆ. ಅದು ನಮ್ಮದೇ ತಪ್ಪು.

ನಿವೃತ್ತ ಅಡುಗೆಯವರು, ಕೊನೆ ಮನೆ
ಟ್ರೇ ತೆಗೆಯಲು ಹೇಳಿ. ಎರಡು ಕೈಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ ತಗೊಳ್ಳುತ್ತಾರೆ. ಬೇಕಾದರೆ ಇನ್ನೊಂದು ಸಲ ಬರಲಿ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಹೀಗೆ ಮಾಡಿ ತಟ್ಟೆಯಲ್ಲಿ ಬಿಡುವುದು ಕಡಿಮೆಯಾಗಿದೆ. ಟ್ರೇ ತೊಳೆಯುವ ನೀರೂ ಉಳಿಯುತ್ತದೆ. ನಾವು ಕೇಳುವುದರ ಜೊತೆ ನಾವು ಬಿಟ್ಟುಕೊಡುವುದೂ ಒಂದಿರಲಿ.

ಮೂಲೆಮನೆ
ಪತ್ರ ಬರೆಯಿರಿ, ಬೇಡ ಅನ್ನುವುದಿಲ್ಲ. ಅದಕ್ಕೆ ಉತ್ತರ ಬರುವಷ್ಟರಲ್ಲಿ ನನ್ನ ಮೊಮ್ಮಗಳ ಮದುವೆ ಆಗಿರುತ್ತದೆ. ಅಲ್ಲಿಯವರೆಗೆ ನನ್ನ ನಿದ್ದೆ?

ಗ್ಯಾರೇಜ್ ಮೇಲಿನ ರೂಮ್ (ಮೊದಲ ವರ್ಷ)
ಇವತ್ತಿನಿಂದಲೇ ವಿಳಾಸದ ಜಾಗದಲ್ಲಿ ದೊಡ್ಡ ರಸ್ತೆಯ ಗೇಟು ಅಂತ ಹಾಕುತ್ತೇವೆ. ನಾವೇ ನಡೆದುಕೊಂಡು ಹೋಗಿ ತರುತ್ತೇವೆ. ನಮ್ಮ ರೂಮಿನ ಐದು ಜನ ಒಪ್ಪಿದ್ದಾರೆ. ಉಳಿದ ಮನೆಗಳಿಗೆ ಇವತ್ತು ಸಂಜೆ ಹೋಗಿ ಹೇಳುತ್ತೇನೆ.

ಮಹಡಿ ಬಾಡಿಗೆ (ವಿದ್ಯಾರ್ಥಿನಿ, ಎರಡನೇ ವರ್ಷ)
ಎಣ್ಣೆ ಹತ್ತಿದ ಡಬ್ಬಿಗಳನ್ನು ರದ್ದಿ ಕಾಗದದ ಜೊತೆ ಹಾಕುವುದನ್ನೂ ನಿಲ್ಲಿಸುತ್ತೇವೆ. ಎಣ್ಣೆ ಕುಡಿದ ರಟ್ಟು ಮರುಬಳಕೆಗೆ ಬರುವುದಿಲ್ಲ, ಜೊತೆಗಿರುವ ಒಳ್ಳೆ ಕಾಗದವನ್ನೂ ಕೆಡಿಸುತ್ತದೆ. ಮುಚ್ಚಳ ಇರುವ ತೊಟ್ಟಿಗೇ ಹೋಗಲಿ. ಮುಚ್ಚಿದ ಮೇಲೆ ಒಂದು ಸಲ ಒತ್ತಿ ನೋಡುತ್ತೇನೆ.

ಅಡ್ಮಿನ್
ಸರಿ. ಪತ್ರದಲ್ಲಿ ಇಷ್ಟು ಇರುತ್ತದೆ: ಎಂಟು ಗಂಟೆಗೆ ಕೊನೆಯ ಸರದಿ ಬೇಯಿಸುವುದು, ಲ್ಯಾಬ್ ಇರುವ ದಿನಗಳಲ್ಲಿ ರಾತ್ರಿ ಫ್ರಿಜ್ ಊಟ, ಪ್ರತಿ ಪಾತ್ರೆಗೂ ಚೀಟಿ ಮತ್ತು ಅದರದ್ದೇ ಸೌಟು. ತಿನ್ನದ ಊಟ ಮುಂದಿನ ವಾರಕ್ಕೆ ಸೇರಬೇಕು ಅನ್ನುವುದನ್ನೂ ಹಾಕುತ್ತೇನೆ, ಒಪ್ಪುವುದು ಕಷ್ಟ. ಟ್ರೇ ವಿಷಯ ನಮ್ಮ ಕಡೆಯಿಂದ. ಜೊತೆಗೆ ಒಂದು ವಾರದ ಬೈಕ್ ಲೆಕ್ಕ ಬೇಕು, ಒಂದು ರಾತ್ರಿಯದು ಸಾಲದು. ಮೂಲೆಮನೆಯವರೇ, ಹೇಗೂ ಎಚ್ಚರ ಇರುತ್ತೀರಿ.

ಬರುವ ಗುರುವಾರ ಸಂಜೆ ಯಾರಾದರೂ ನಾಲ್ಕು ಜನ ಹಾಲ್‌ಗೆ ಹೋಗಿ ಊಟ ಮಾಡೋಣ. ಅತಿಥಿಗಳನ್ನು ಬಿಡುತ್ತಾರಂತೆ. ಇಬ್ಬರು ಆರೂವರೆಗೆ, ಇಬ್ಬರು ಎಂಟೂಕಾಲಿಗೆ. ತಿಂದು ನೋಡದೆ ಸಹಿ ಹಾಕುವುದು ಬೇಡ.

ಹಸಿರು ಗೇಟು
ನಾನು ಆರೂವರೆಗೆ.

ಮೂರು ಮಹಡಿ ಮನೆ
ಕೊಟ್ಟದ್ದನ್ನು ತಿನ್ನುವವರು ಎಂಟೂಕಾಲಿಗೆ ಬರಬೇಕು.

ಹಸಿರು ಗೇಟು
ಸರಿ, ಎಂಟೂಕಾಲು.

ಮೂಲೆಮನೆ
ನಿನ್ನೆ ರಾತ್ರಿಯ ಲೆಕ್ಕ. ಒಳಗೆ ಬಂದದ್ದು 9, ಉಳಿದವು ದೊಡ್ಡ ಗೇಟಿನಲ್ಲೇ ನಿಂತವು. ಆ 9ರಲ್ಲಿ ಒಂದು ನಮ್ಮ ಮನೆಗೇ ಬಂತು. ಮಗ ತರಿಸಿದ್ದನಂತೆ. ಅದನ್ನೂ ಬರೆದುಕೊಳ್ಳಬೇಕಾ?

ಅಡ್ಮಿನ್
ಬರೆದುಕೊಳ್ಳಿ.